ದೋಣಿಗೆ ಕಾವಲು, ಮೀನಿಗೆ ಗಡಿಯಿಲ್ಲ: ಮಾರಿಟಾನಿಯದ ಇಮ್ರಾಗೆನ್ನರು

1443ರಲ್ಲಿ ಪೋರ್ಚುಗೀಸ್ ನಾವಿಕ ನುನೊ ತ್ರಿಸ್ತಾಂವ್ ಸಹಾರಾ ಮರುಭೂಮಿ ಅಟ್ಲಾಂಟಿಕ್ ಸಾಗರವನ್ನು ಮುಟ್ಟುವ ಕಡೆ ಒಂದು ಕೊಲ್ಲಿಗೆ ಬಂದ. ನೀರಿನ ಮೇಲೆ ದೊಡ್ಡ ಹಕ್ಕಿಗಳು ತೇಲುತ್ತಿವೆ ಎಂದು ಅವನ ಜನ ಭಾವಿಸಿದರಂತೆ. ಹತ್ತಿರ ಹೋದಾಗ ಕಂಡವರು ಸಣ್ಣ ದೋಣಿಗಳ ಮೇಲೆ ಕುಳಿತು, ನೀರಿಗೆ ಕಾಲು ಇಳಿಬಿಟ್ಟು, ಕಾಲನ್ನೇ ಹುಟ್ಟಾಗಿ ಬೀಸುತ್ತಿದ್ದ ಮನುಷ್ಯರು. ಮನುಷ್ಯರೆಂದು ಗೊತ್ತಾದ ಕೂಡಲೇ ಪೋರ್ಚುಗೀಸರು ಅವರನ್ನು ಬೆನ್ನಟ್ಟಿ ಹಿಡಿದು ಹಡಗಿಗೆ ಹಾಕಿಕೊಂಡರು. ಮರುವರ್ಷ ಅದೇ ಕೊಲ್ಲಿಯ ನಾರ್ ಮತ್ತು ತಿದ್ರಾ ದ್ವೀಪಗಳ ಆಸುಪಾಸಿನಲ್ಲಿ ಸೆರೆಸಿಕ್ಕ 235 ಜನರನ್ನು ಪೋರ್ಚುಗಲ್‌ನ ಲಾಗೋಸ್ ಪಟ್ಟಣದ ಬಯಲಿನಲ್ಲಿ ನಿಲ್ಲಿಸಿ, ತಾಯಿಯಿಂದ ಮಕ್ಕಳನ್ನು ಬೇರ್ಪಡಿಸಿ ಹಂಚಿಕೊಳ್ಳಲಾಯಿತು. ಇದೆಲ್ಲವನ್ನೂ ಬರೆದಿಟ್ಟವನು ಆ ಅರಸೊತ್ತಿಗೆಯದೇ ಚರಿತ್ರಕಾರ ಜುರಾರಾ.

ಆ ಕೊಲ್ಲಿ ಇಂದು ಮಾರಿಟಾನಿಯ ದೇಶದ ಬಾಂಕ್ ದಾರ್ಗ್ವಿನ್ ರಾಷ್ಟ್ರೀಯ ಉದ್ಯಾನ. (ಮಾರಿಷಸ್ ಅಲ್ಲ, ಸೆನೆಗಲ್‌ನ ಉತ್ತರಕ್ಕಿರುವ ಮರಳುಗಾಡಿನ ದೇಶ.) ಅಲ್ಲಿ ಮೀನು ಹಿಡಿದು ಬದುಕುವವರನ್ನು ಇಮ್ರಾಗೆನ್ ಎಂದು ಕರೆಯುತ್ತಾರೆ. ಆರು ಶತಮಾನಗಳ ಹಿಂದೆ ಸೆರೆಯಾದವರೇ ಇವರ ಪೂರ್ವಜರು ಎಂದು ನೇರ ಗೆರೆ ಎಳೆಯಲು ಬರುವುದಿಲ್ಲ. ಆದರೆ ನೀರು ಅದೇ, ಕಸುಬು ಅದೇ. ಹೊರಗಿನವರ ಕಣ್ಣಿಗೆ ಅಲ್ಲಿ ಮೊದಲು ಕಾಣುವುದು ಹಕ್ಕಿ, ಆಮೇಲೆ ಮನುಷ್ಯ ಎಂಬುದೂ ಬಹುಮಟ್ಟಿಗೆ ಬದಲಾಗಿಲ್ಲ.

ಹಕ್ಕಿಗಳ ಮಾತು ಸುಮ್ಮನೆ ಹೇಳಿದ್ದಲ್ಲ. ಸುಮಾರು 12,000 ಚದರ ಕಿಲೋಮೀಟರ್ ವಿಸ್ತಾರದ ಈ ಉದ್ಯಾನ 1976ರಲ್ಲಿ ಸ್ಥಾಪನೆಯಾಯಿತು, 1989ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅರ್ಧ ನೆಲ, ಅರ್ಧ ನೀರು. ಚಳಿಗಾಲದಲ್ಲಿ ಸೈಬೀರಿಯ, ಗ್ರೀನ್‌ಲ್ಯಾಂಡ್‌ಗಳಂಥ ದೂರದಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕೆಸರುಹಕ್ಕಿಗಳು ಇಲ್ಲಿಗೆ ಬಂದಿಳಿಯುತ್ತವೆ. ಸಾಗರದ ಆಳದಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುವ ಜಗತ್ತಿನ ಕೆಲವೇ ಕರಾವಳಿಗಳಲ್ಲಿ ಇದೂ ಒಂದು. ಒಳಗಿನ ಕಡಲು ಮಾತ್ರ ಮೊಣಕಾಲುದ್ದ, ಸೊಂಟದುದ್ದ. ತಳದಲ್ಲಿ ಮೈಲಿಗಟ್ಟಲೆ ಕಡಲಹುಲ್ಲು. ಮೀನು ಮರಿಮಾಡಿ ಬೆಳೆಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ದೊಡ್ಡ ಹಡಗಿಗೆ ಇದಕ್ಕಿಂತ ಕೆಟ್ಟ ಜಾಗವೂ ಇಲ್ಲ. 1816ರಲ್ಲಿ ಫ್ರಾನ್ಸಿನ 'ಮೆಡ್ಯೂಸ್' ನೌಕೆ ನೆಲಕಚ್ಚಿದ್ದು ಈ ಮರಳದಿಬ್ಬಗಳ ಮೇಲೆಯೇ. ಕಾನೂನು ಬರುವುದಕ್ಕೆ ಎಷ್ಟೋ ಮೊದಲು ಇಲ್ಲಿನ ಮೀನನ್ನು ಕಾದದ್ದು ಈ ಆಳವಿಲ್ಲದ ನೀರು.

ಮಾಮ್‌ಘಾರ್, ಇವಿಕ್, ಟೆನ್ ಅಲ್ಲೂಲ್, ರ್‌ಗೇಬಾ ಮೊದಲಾದ ಕೆಲವೇ ಊರುಗಳು ಉದ್ಯಾನದ ದಡದಲ್ಲಿ ಚೆಲ್ಲಿಕೊಂಡಿವೆ. ಎಲ್ಲ ಸೇರಿಸಿದರೂ ನಮ್ಮ ಒಂದು ಮಧ್ಯಮ ಗಾತ್ರದ ಹಳ್ಳಿಯಷ್ಟು ಜನ. ಮರವಿಲ್ಲ, ಬೇಸಾಯವಿಲ್ಲ, ಕುಡಿಯುವ ನೀರೂ ಹೊರಗಿನಿಂದ ಬರಬೇಕು. ರಾಜಧಾನಿ ನುವಾಕ್‌ಶೋಟ್ ಮತ್ತು ಬಂದರು ನಗರ ನುವಾದಿಬೂ ನಡುವೆ ಡಾಂಬರು ರಸ್ತೆ ಆದದ್ದು ಈ ಶತಮಾನದಲ್ಲಿ. ಅದಕ್ಕೆ ಮೊದಲು ಇಳಿತದ ಹೊತ್ತು ನೋಡಿಕೊಂಡು ಒದ್ದೆ ಮರಳಿನ ಮೇಲೆ ವಾಹನ ಓಡಿಸುವುದೇ ದಾರಿ. ಉಬ್ಬರ ಬಂದರೆ ದಾರಿಯೂ ಇಲ್ಲ.

ಇಮ್ರಾಗೆನ್ನರ ಬಗ್ಗೆ ಹೊರಜಗತ್ತು ಏನಾದರೂ ಕೇಳಿದ್ದರೆ ಅದು ಡಾಲ್ಫಿನ್‌ಗಳ ಜೊತೆಗಿನ ಬೇಟೆಯ ವಿಷಯ. ಚಳಿಗಾಲದ ಮುಂಚೆ ಮಲೆಟ್ ಮೀನಿನ ದೊಡ್ಡ ಹಿಂಡುಗಳು ಮೊಟ್ಟೆ ತುಂಬಿಕೊಂಡು ಉತ್ತರದಿಂದ ದಕ್ಷಿಣಕ್ಕೆ ದಡದ ಅಂಚಿನಲ್ಲೇ ಸಾಗುತ್ತವೆ. ದಿಬ್ಬದ ಮೇಲೆ ನಿಂತ ಕಾವಲುಗಾರ ನೀರಿನ ಬಣ್ಣ ಕಪ್ಪಾಗುವುದನ್ನು ಗಮನಿಸಿ ಕೂಗುತ್ತಾನೆ. ಗಂಡಸರು ಭುಜದ ಮೇಲೆ ಬಲೆಯ ಸುರುಳಿ ಹೊತ್ತು ನೀರಿಗೆ ಇಳಿಯುತ್ತಾರೆ. ಒಬ್ಬ ಕೋಲಿನಿಂದ ನೀರಿನ ಮೈಗೆ ಬಡಿಯುತ್ತಾನೆ. ಮಲೆಟ್ ಹಾರಿ ಬೀಳುವ ಸದ್ದನ್ನು ಅದು ಹೋಲುತ್ತದೆ ಎನ್ನುತ್ತಾರೆ. ಹೊರಗಡೆಯಿಂದ ಡಾಲ್ಫಿನ್‌ಗಳು ನುಗ್ಗಿ ಬರುತ್ತವೆ. ಮುಂದೆ ಮನುಷ್ಯರ ಬಲೆ, ಹಿಂದೆ ಡಾಲ್ಫಿನ್ ಬಾಯಿ: ನಡುವೆ ಸಿಕ್ಕ ಮೀನು ದಡದ ಕಡೆಗೆ ಒತ್ತಿ ಬರುತ್ತದೆ. ಕೆಲವೇ ನಿಮಿಷ ನೀರೆಲ್ಲ ಕುದಿದಂತಾಗಿ, ಬೇಟೆ ಮುಗಿಯುತ್ತದೆ. ಯಾರೂ ಯಾರನ್ನೂ ಪಳಗಿಸಿಲ್ಲ. ಇಬ್ಬರಿಗೂ ಲಾಭವಿದೆ, ಅಷ್ಟೇ.

ಎಪ್ಪತ್ತರ ದಶಕದಲ್ಲಿ ಯುರೋಪಿನ ಕ್ಯಾಮೆರಾಗಳು ಇದನ್ನು ಸೆರೆಹಿಡಿದವು. ಅಂದಿನಿಂದ ಪ್ರತಿ ಪ್ರವಾಸಿ ಬರಹದಲ್ಲೂ ಈ ಚಿತ್ರ ತಪ್ಪದೆ ಬರುತ್ತದೆ, ನಿನ್ನೆ ಬೆಳಿಗ್ಗೆ ನಡೆದದ್ದೇನೋ ಎಂಬಂತೆ. ನಿಜ ಬೇರೆ. ಆ ಬಗೆಯ ಬೇಟೆ ಈಗ ಅಪರೂಪ. ಮಲೆಟ್ ಹಿಂಡುಗಳು ತೆಳುವಾಗಿವೆ, ದೋಣಿ ಮತ್ತು ನೈಲಾನ್ ಬಲೆ ಬಂದ ಮೇಲೆ ಕಾಲುನಡಿಗೆಯ ಮೀನುಗಾರಿಕೆ ಹಿಂದೆ ಸರಿದಿದೆ. ಈ ನೀರಿನಲ್ಲಿರುವ ಅಟ್ಲಾಂಟಿಕ್ ಗೂನುಡಾಲ್ಫಿನ್ ಅಳಿವಿನ ಅಂಚಿಗೆ ಬಂದಿರುವ ಜೀವಿಗಳ ಪಟ್ಟಿಯಲ್ಲಿದೆ. ಡಾಲ್ಫಿನ್ ಚಿತ್ರವನ್ನೇ ಹಿಡಿದು ಕುಳಿತರೆ ಇಮ್ರಾಗೆನ್ನರ ಇಂದಿನ ಪ್ರಶ್ನೆ ಕಾಣುವುದೇ ಇಲ್ಲ.

ಇವರು ಯಾರು ಎಂಬುದಕ್ಕೆ ಉತ್ತರ ಸರಳವಾಗಿಲ್ಲ. ಒಂದೇ ಮೂಲಪುರುಷನಿಂದ ಬಂದ ಬುಡಕಟ್ಟು ಇದಲ್ಲ. ಮಾರಿಟಾನಿಯದ, ಅರಬ್ಬಿ ಮಾತಾಡುವ ಮೂರ್ ಸಮಾಜ ಹಿಂದಿನಿಂದಲೂ ಏಣಿಯ ಮೆಟ್ಟಿಲುಗಳಂತೆ ಕಟ್ಟಿದ್ದು: ಮೇಲೆ ಹಸ್ಸಾನ್ ಎನ್ನುವ ಯೋಧ ಕುಲಗಳು, ಅವರ ಜೊತೆಗೆ ಜವಾಯಾ ಎನ್ನುವ ಧರ್ಮಪಂಡಿತ ಮನೆತನಗಳು, ಕೆಳಗೆ ಕಪ್ಪ ಸಲ್ಲಿಸುವ ಕುಲಗಳು, ಇನ್ನೂ ಕೆಳಗೆ ಹರಾತಿನ್ ಎಂದು ಕರೆಯಲಾಗುವ, ಗುಲಾಮಗಿರಿಯಿಂದ ಬಿಡುಗಡೆಯಾದವರ ಸಂತತಿ ಮತ್ತು ಗುಲಾಮರು. ಕಡಲದಡಕ್ಕೆ ಬಂದು ನೆಲೆಸಿದವರು ಈ ಕೆಳಗಿನ ಮೆಟ್ಟಿಲುಗಳ ಬೇರೆ ಬೇರೆ ಮನೆತನದವರು. ಒಂಟೆ ಹಿಂಡು ಇದ್ದವನಿಗೆ ಗೌರವ. ಮೀನು ತಿನ್ನುವವನನ್ನು ಕಂಡರೆ ತಾತ್ಸಾರ. ಇಮ್ರಾಗೆನ್ ಎಂಬುದು ರಕ್ತಸಂಬಂಧಕ್ಕಿಂತ ಹೆಚ್ಚಾಗಿ ಕಸುಬು ಮತ್ತು ಸ್ಥಾನಮಾನದ ಗುರುತು. ಹಿಡಿದ ಮೀನಿನಲ್ಲಿ ಯೋಧ ಕುಲಕ್ಕೆ ಒಂದು ಪಾಲು, ಪಂಡಿತ ಮನೆತನಕ್ಕೆ ಇನ್ನೊಂದು ಪಾಲು. ಮೊದಲನೆಯದು ಹೆದರಿಕೆಗೆ, ಎರಡನೆಯದು ಆಶೀರ್ವಾದಕ್ಕೆ. ಮಾರಿಟಾನಿಯ ಗುಲಾಮಗಿರಿಯನ್ನು ರದ್ದುಗೊಳಿಸಿದ್ದು 1981ರಲ್ಲಿ, ಅದನ್ನು ಶಿಕ್ಷಾರ್ಹ ಅಪರಾಧವಾಗಿಸಿದ್ದು 2007ರಲ್ಲಿ. ಕೆಳಜಾತಿಯ ಕಸುಬಿನ ಮೇಲೆ ಬಿದ್ದ ಕೀಳುನೋಟ ಕಾಯಿದೆಯ ದಿನಾಂಕ ನೋಡಿ ಮಾಯವಾಗುವುದಿಲ್ಲ ಎಂದು ನಮಗೆ ಯಾರೂ ವಿವರಿಸಬೇಕಿಲ್ಲ.

ನಂಬಿಕೆಯಲ್ಲಿ ಇವರು ದೇಶದ ಉಳಿದವರಂತೆಯೇ ಸುನ್ನಿ ಮುಸ್ಲಿಮರು, ಮಾಲಿಕಿ ಪಂಥದವರು. ಕಾದಿರಿಯ, ತಿಜಾನಿಯ ಸೂಫಿ ಪರಂಪರೆಗಳ ಪ್ರಭಾವ ಇಡೀ ಮಾರಿಟಾನಿಯದ ಮೇಲೆ ದಟ್ಟವಾಗಿದೆ. ಧರ್ಮಪಂಡಿತ ಮನೆತನಕ್ಕೆ ಕೊಡುವ ಪಾಲನ್ನು ಬರೀ ತೆರಿಗೆ ಎಂದು ನೋಡಿದರೆ ತಪ್ಪಾಗುತ್ತದೆ. 'ಬರಕತ್' ಎಂಬ ಮಾತು ಉತ್ತರ ಕರ್ನಾಟಕದ ದರ್ಗಾಗಳ ಅಂಗಳದಲ್ಲೂ ಕೇಳುತ್ತದೆ. ದೇವರ ಕೃಪೆ ಒಬ್ಬ ಸಂತನ ವಂಶದ ಮೂಲಕ ಹರಿದು ಬರುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಕಡಲು ಇಂದು ಕೊಡುತ್ತದೆ, ನಾಳೆ ಕೊಡುವುದಿಲ್ಲ. ಅಂಥ ಕಸುಬಿನವರಿಗೆ ಈ ನಂಬಿಕೆ ಹಗುರವಾದ ವಿಷಯವಲ್ಲ.

ವಿಚಿತ್ರವೆಂದರೆ, ಕೀಳಾಗಿ ಕಂಡ ಈ ದಡಕ್ಕೆ ಇಸ್ಲಾಮಿನ ಇತಿಹಾಸದಲ್ಲಿ ದೊಡ್ಡ ಹೆಸರೇ ಇದೆ. ಹನ್ನೊಂದನೇ ಶತಮಾನದಲ್ಲಿ ಅಬ್ದುಲ್ಲಾ ಇಬ್ನ್ ಯಾಸೀನ್ ಎಂಬ ಪಂಡಿತ ಅನುಯಾಯಿಗಳೊಂದಿಗೆ ಒಂದು ದ್ವೀಪಕ್ಕೆ ಹಿಂದೆ ಸರಿದು, ಅಲ್ಲಿಂದ ಕಟ್ಟಿದ ಚಳವಳಿಯೇ ಮೊರಾಕೊ ಮತ್ತು ಸ್ಪೇನನ್ನು ಆಳಿದ ಅಲ್ಮೊರಾವಿದ್ ಸಾಮ್ರಾಜ್ಯವಾಯಿತು ಎಂಬ ಕಥೆಯಿದೆ. ಆ ದ್ವೀಪ ತಿದ್ರಾ ಎಂದು ಹಲವರು ಗುರುತಿಸಿದ್ದಾರೆ. ಇತಿಹಾಸಕಾರರಲ್ಲಿ ಒಮ್ಮತವಿಲ್ಲ, ದ್ವೀಪದ ಪ್ರಸಂಗವೇ ಎರಡು–ಮೂರು ಶತಮಾನಗಳ ನಂತರದ ಬರಹಗಾರರ ಕೈಯಲ್ಲಿ ಬೆಳೆದದ್ದು ಎನ್ನುವವರಿದ್ದಾರೆ. ತಿದ್ರಾ ಸುತ್ತ ಬಲೆ ಬೀಸುವವರಿಗೆ ಆ ತಕರಾರಿನಿಂದ ನಷ್ಟವೇನೂ ಇಲ್ಲ.

ಭಾಷೆಯ ವಿಷಯದಲ್ಲಿ ಗೊಂದಲ ಹೆಚ್ಚು. ಕೆಲವು ಪಟ್ಟಿಗಳು 'ಇಮೆರಾಗೆನ್' ಎಂಬ ಪ್ರತ್ಯೇಕ ಭಾಷೆಯೇ ಇದೆ ಎಂದು ನಮೂದಿಸಿ, ಅದು ಅಳಿಯುತ್ತಿದೆ ಎಂದು ಮರುಗಿದ್ದುಂಟು. ಅದರ ಅಡಿಯಲ್ಲಿ ಪಶ್ಚಿಮ ಆಫ್ರಿಕಾದ ಸೋನಿಂಕೆ ಭಾಷೆಯ ಮೂಲದ ಅಜೆರ್ ನುಡಿಯ ಪದರವಿದೆ ಎಂದೂ ಹೇಳಿದ್ದಿದೆ. ಆದರೆ ಇಂದು ಈ ಊರುಗಳಲ್ಲಿ ಆಡುವುದು ಹಸ್ಸಾನಿಯ, ಅಂದರೆ ಮಾರಿಟಾನಿಯ ಮತ್ತು ಪಶ್ಚಿಮ ಸಹಾರಾದ ಆಡುನುಡಿಯಾದ ಅರಬ್ಬಿ. ಅರಬ್ಬಿ ಗೆಲ್ಲುವ ಮೊದಲು ಈ ಸೀಮೆಯ ಮಾತಾಗಿದ್ದ ಜೆನಾಗಾ ಎಂಬ ಬರ್ಬರ್ ಭಾಷೆ ಈಗ ದೇಶದ ನೈಋತ್ಯ ಮೂಲೆಯಲ್ಲಿ ಸ್ವಲ್ಪ ಜನರ ಬಾಯಲ್ಲಷ್ಟೇ ಉಳಿದಿದೆ. ಕಡಲಿನವರ ಶಬ್ದಸಂಪತ್ತಿನಲ್ಲಿ ಅದರ ಕುರುಹುಗಳಿವೆ. ದೋಣಿಯ ಭಾಗ ಬಂದರೆ ಸ್ಪ್ಯಾನಿಷ್ ಪದ ತಲೆಹಾಕುತ್ತದೆ, ಏಕೆಂದರೆ ಆ ದೋಣಿ ಬಂದದ್ದೇ ಸ್ಪೇನಿನ ಕನೇರಿ ದ್ವೀಪದವರಿಂದ. ಅಳಿಯುತ್ತಿರುವ ಭಾಷೆ ಎಂದು ಇದನ್ನು ಅಳೆಯುವುದು ನನಗೆ ಸರಿ ಕಾಣುವುದಿಲ್ಲ. ಸಮುದ್ರತಳದ ಗುರುತು, ಗಾಳಿಯ ದಿಕ್ಕು, ಮೀನಿನ ವಯಸ್ಸು, ಉಬ್ಬರದ ಹಂತ ಇವುಗಳಿಗಿರುವ ಮಾತುಗಳು ಬಳಕೆಯಲ್ಲಿ ಇರುವವರೆಗೆ ಇರುತ್ತವೆ. ಶಾಲೆಯಲ್ಲಿ ಶಿಷ್ಟ ಅರಬ್ಬಿ ಮತ್ತು ಫ್ರೆಂಚ್ ಕಲಿತು ನುವಾದಿಬೂ ಬಂದರಿಗೆ ಕೂಲಿಗೆ ಹೋಗುವ ಹುಡುಗನಿಗೆ ಮೊದಲು ಬೇಡವಾಗುವುದು ಅವೇ.

ಈಗ ಮುಖ್ಯ ವಿಷಯಕ್ಕೆ ಬರೋಣ. 2000ನೇ ಇಸವಿಯ ಕಾನೂನು ಉದ್ಯಾನದ ನೀರಿನಲ್ಲಿ ಎಂಜಿನ್ ದೋಣಿಯ ಮೀನುಗಾರಿಕೆಯನ್ನು ನಿಷೇಧಿಸಿ, ಮೀನು ಹಿಡಿಯುವ ಹಕ್ಕನ್ನು ಅಲ್ಲಿನ ನಿವಾಸಿಗಳಿಗೆ ಮಾತ್ರ ಉಳಿಸಿತು. ಬಳಸಬಹುದಾದದ್ದು 'ಲಾಂಶ್' ಎಂಬ ಹಾಯಿದೋಣಿ. ಅವುಗಳ ಸಂಖ್ಯೆಯನ್ನೂ 114ಕ್ಕೆ ಕಟ್ಟಿಹಾಕಲಾಯಿತು. ಇಪ್ಪತ್ತೊಂದನೇ ಶತಮಾನದಲ್ಲಿ ಗಾಳಿಯನ್ನೇ ನಂಬಿ ವ್ಯಾಪಾರಕ್ಕಾಗಿ ಮೀನು ಹಿಡಿಯುವ ಇಂಥ ದೋಣಿಪಡೆ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಇದನ್ನು ಪ್ರಾಚೀನ ಪದ್ಧತಿ ಎಂದು ಕೊಂಡಾಡುವವರಿಗೆ ಒಂದು ನೆನಪು: ಲಾಂಶ್ ಇಮ್ರಾಗೆನ್ನರ ಕೈಗೆ ಬಂದದ್ದು ಕಳೆದ ಶತಮಾನದ ಮೂವತ್ತರ ದಶಕದ ಸುಮಾರಿಗೆ. ಅಜ್ಜನ ಕಾಲದಲ್ಲಿ ಹೊಸ ತಂತ್ರಜ್ಞಾನವಾಗಿದ್ದದ್ದು ಮೊಮ್ಮಗನ ಕಾಲಕ್ಕೆ ಸಂಪ್ರದಾಯವಾಯಿತು.

ಈ ಕಾನೂನು ಕೆಲಸ ಮಾಡಿದೆಯೇ? ಮಾಡಿದೆ. ಎಂಬತ್ತರ ದಶಕದಲ್ಲಿ ಶಾರ್ಕ್ ರೆಕ್ಕೆಯ ವ್ಯಾಪಾರಿಗಳು ಬಂದು ದಡದಲ್ಲಿ ಹಣ ಚೆಲ್ಲಿದಾಗ ಹಾಯಿದೋಣಿಗಳೂ ಮಲೆಟ್ ಬಿಟ್ಟು ಶಾರ್ಕ್ ಮತ್ತು ತೊರಕೆಯ ಬೆನ್ನುಹತ್ತಿದವು. ನಿಧಾನಕ್ಕೆ ಬೆಳೆದು, ಕೆಲವೇ ಮರಿ ಹಾಕುವ ಆ ಮೀನುಗಳು ಬೇಗನೆ ಕರಗಿದವು. ಮಾತುಕತೆ ನಡೆದು, ವಿಶೇಷ ಬಲೆಗಳನ್ನು ಹಿಂಪಡೆದು, 2003ರಲ್ಲಿ ಉದ್ದೇಶಪೂರ್ವಕ ಶಾರ್ಕ್ ಬೇಟೆಯನ್ನು ನಿಲ್ಲಿಸಲಾಯಿತು. ಪಶ್ಚಿಮ ಆಫ್ರಿಕಾದ ಬೇರೆ ಕಡೆ ಇಂಥದ್ದು ನಡೆದದ್ದು ಕಡಿಮೆ. ಊರಿನವರ ಒಪ್ಪಿಗೆ ಇಲ್ಲದಿದ್ದರೆ ಉದ್ಯಾನದ ಬೆರಳೆಣಿಕೆಯ ಗಸ್ತು ದೋಣಿಗಳಿಂದ ಅದು ಆಗುತ್ತಲೂ ಇರಲಿಲ್ಲ.

ಆದರೆ ಕಾನೂನು ಇನ್ನೊಂದು ಕೆಲಸವನ್ನೂ ಮಾಡಿತು. ಕಪ್ಪ ಸಲ್ಲಿಸುವವನ ಹಣೆಪಟ್ಟಿಯಾಗಿದ್ದ ಹೆಸರು ರಾತ್ರಿ ಬೆಳಗಾಗುವುದರೊಳಗೆ ಪರವಾನಗಿಯಾಯಿತು. ಸುತ್ತಲಿನ ಕಡಲೆಲ್ಲ ಬರಿದಾಗುತ್ತಿರುವಾಗ ಮೀನು ತುಂಬಿದ ನೀರಿಗೆ ಇಳಿಯಲು ಯಾರಿಗೆ ಹಕ್ಕು ಎಂದರೆ ಈ ಹೆಸರಿನವರಿಗೆ. ಹಾಗಾದಾಗ ಆ ಹೆಸರಿನೊಳಗೆ ಯಾರು ಯಾರು ಎಂಬ ಲೆಕ್ಕ ಶುರುವಾಗುತ್ತದೆ. ಹಿಂದೆ ದಡದತ್ತ ಮುಖ ಹಾಕದ ಮನೆತನಗಳಿಗೂ ದಡದ ನೆನಪಾಗುತ್ತದೆ. ಲಾಂಶ್ ಕಟ್ಟಿಸಲು ಬೇಕಾದ ಮರ ಹೊರದೇಶದ್ದು, ಬೆಲೆ ದುಬಾರಿ. ನಗರದಲ್ಲಿ ಕುಳಿತ ವ್ಯಾಪಾರಿ ಬಂಡವಾಳ ಹಾಕುತ್ತಾನೆ, ಊರಿನವನು ಹಾಯಿ ಎಳೆಯುತ್ತಾನೆ. ಹಕ್ಕು ಕಾಗದದಲ್ಲಿ ಮೀನುಗಾರನದು, ಸಾಲದ ಪುಸ್ತಕ ಬೇರೆಯವನದು. ಹಿಂದೆ ಹಸ್ಸಾನ್ ಯೋಧನಿಗೆ ಹೋಗುತ್ತಿದ್ದ ಪಾಲು ಈಗ ಮೀನು ಸಾಗಿಸುವ ಶೀತಲ ಲಾರಿಯ ಒಡೆಯನಿಗೆ ಹೋಗುತ್ತದೆ ಎಂದರೆ ತೀರಾ ಅತಿಶಯೋಕ್ತಿಯಲ್ಲ.

ಈ ಬದಲಾವಣೆಯಲ್ಲಿ ಹೆಚ್ಚು ಕಳೆದುಕೊಂಡವರು ಹೆಂಗಸರು. ಹಳೆಯ ವ್ಯವಸ್ಥೆಯಲ್ಲಿ ಮೀನು ದಡಕ್ಕೆ ಬಿದ್ದ ಮೇಲೆ ಅದು ಅವರದು. ಮಲೆಟ್ ಸೀಳಿ, ಗಾಳಿಬಿಸಿಲಿಗೆ ಒಣಗಿಸಿ, ಕುಟ್ಟಿ ಪುಡಿಮಾಡಿದ 'ತಿಷ್ತಾರ್', ತಲೆ ಕುದಿಸಿ ತೆಗೆದ ಎಣ್ಣೆ ಇವು ತಿಂಗಳುಗಟ್ಟಲೆ ಕೆಡದ ಆಹಾರ. ಮರುಭೂಮಿಯ ಒಳನಾಡಿನ ಜನ ಅದಕ್ಕೆ ಬದಲಾಗಿ ಧಾನ್ಯ, ಬಟ್ಟೆ ಕೊಡುತ್ತಿದ್ದರು. ಎಲ್ಲಕ್ಕಿಂತ ಬೆಲೆಬಾಳುವುದು ಮೀನಿನ ಮೊಟ್ಟೆಚೀಲ. ಅವಳಿ ಚೀಲಗಳನ್ನು ಹರಿಯದಂತೆ ಹೊರತೆಗೆದು, ತೊಳೆದು, ಉಪ್ಪಿನಲ್ಲಿಟ್ಟು, ಹಲಗೆಗಳ ನಡುವೆ ಒತ್ತಿ, ಒಣಗಿಸುತ್ತಾರೆ. ಕೊನೆಗೆ ಅಂಬರ್ ಬಣ್ಣದ ಗಟ್ಟಿ ತುಂಡಾಗುತ್ತದೆ. ಫ್ರಾನ್ಸ್, ಇಟಲಿಯ ಅಂಗಡಿಗಳಲ್ಲಿ ಅದನ್ನು ತೆಳ್ಳಗೆ ಕೊಯ್ದು ಶ್ರೀಮಂತರು ತಿನ್ನುತ್ತಾರೆ. ಹಸಿ ಮೀನೇ ಐಸ್ ಹಾಕಿದ ಲಾರಿ ಹತ್ತಿ ನಗರಕ್ಕೆ ಹೋಗತೊಡಗಿದ ಮೇಲೆ ದಡದ ಹೆಂಗಸಿಗೆ ಕೆಲಸ ಉಳಿಯಲಿಲ್ಲ. ನುವಾದಿಬೂಗೆ ಹೋದ ಇಮ್ರಾಗೆನ್ ಹೆಂಗಸರು ಅಲ್ಲಿ ಮೀನನ್ನು ದುಡ್ಡು ಕೊಟ್ಟು ಕೊಂಡು ಅದೇ ಮೊಟ್ಟೆಚೀಲ ತಯಾರಿಸುತ್ತಾರೆ. ಇಟಲಿಯ ಸ್ಲೋ ಫುಡ್ ಸಂಸ್ಥೆ ಅವರ ಉತ್ಪನ್ನಕ್ಕೆ ಬೆಂಬಲ ಕೊಟ್ಟದ್ದುಂಟು. ಒಳ್ಳೆಯದೇ. ಆದರೆ ಮನೆಗೆ ಪುಕ್ಕಟೆ ಬರುತ್ತಿದ್ದ ಕಚ್ಚಾವಸ್ತುವನ್ನು ಮಾರುಕಟ್ಟೆಯಲ್ಲಿ ಪೈಪೋಟಿಗೆ ಬಿದ್ದು ಕೊಳ್ಳಬೇಕಾದ ಕಷ್ಟವನ್ನು ಗೌರವದ ಮುದ್ರೆ ನೀಗಿಸುವುದಿಲ್ಲ.

ಇನ್ನು ಗಡಿಯ ಆಚೆ. ಮಲೆಟ್ ಆಗಲಿ, ನಮ್ಮ ಬೂತಾಯಿಯ ಬಳಗದ ಸಾರ್ಡಿನೆಲ್ಲಾ ಆಗಲಿ ಉದ್ಯಾನದ ನಕ್ಷೆ ಓದುವುದಿಲ್ಲ. ಒಳಗೆ ಬೆಳೆದ ಮೀನು ಹೊರಗೆ ಹೋಗುತ್ತದೆ, ಹೊರಗಿನದು ಮೊಟ್ಟೆ ಇಡಲು ಒಳಗೆ ಬರುತ್ತದೆ. ಹೊರಗೆ ಕಾದಿರುವವರ ಪಟ್ಟಿ ಉದ್ದವಿದೆ. 2021ರ ನವೆಂಬರ್‌ನಲ್ಲಿ ಜಾರಿಗೆ ಬಂದ ಐದು ವರ್ಷದ ಒಪ್ಪಂದದ ಪ್ರಕಾರ ಯುರೋಪಿಯನ್ ಒಕ್ಕೂಟ ಮಾರಿಟಾನಿಯದ ನೀರಿನಲ್ಲಿ ಮೀನು ಹಿಡಿಯಲು ವರ್ಷಕ್ಕೆ 5.75 ಕೋಟಿ ಯೂರೋ ತೆರುತ್ತದೆ. ಹಿಡಿಯಬಹುದಾದ ಪ್ರಮಾಣ ವರ್ಷಕ್ಕೆ ಸುಮಾರು 2.9 ಲಕ್ಷ ಟನ್. ಒಕ್ಕೂಟ ಬೇರೆ ಯಾವ ದೇಶದೊಂದಿಗೂ ಇಷ್ಟು ದೊಡ್ಡ ಮೀನುಗಾರಿಕೆ ಒಪ್ಪಂದ ಮಾಡಿಕೊಂಡಿಲ್ಲ. 2010ರಲ್ಲಿ ಪಾಲಿ ಹಾಂಡೋನ್ ಎಂಬ ಚೀನೀ ಕಂಪನಿ ಇದೇ ನೀರಿನ ಮೀನಿಗಾಗಿ 25 ವರ್ಷಗಳ ಕರಾರಿಗೆ ಸಹಿ ಹಾಕಿತು. ಇವೆಲ್ಲಕ್ಕಿಂತ ಹತ್ತಿರದ ಪೆಟ್ಟು ನುವಾದಿಬೂ ಸುತ್ತ ಕಳೆದ ದಶಕದಲ್ಲಿ ಸಾಲಾಗಿ ಎದ್ದ ಫಿಶ್‌ಮೀಲ್ ಕಾರ್ಖಾನೆಗಳದು. ಒಂದು ಕಿಲೋ ಮೀನುಹಿಟ್ಟಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಸೆನೆಗಲ್, ಮಾಲಿಯ ಬಡವರ ತಟ್ಟೆಗೆ ಹೋಗಬೇಕಾದ ಸಾರ್ಡಿನೆಲ್ಲಾ ಹಿಟ್ಟಾಗಿ, ಎಣ್ಣೆಯಾಗಿ, ಯುರೋಪ್ ಮತ್ತು ಏಷ್ಯಾದ ಸಾಕುಮೀನಿನ ಹೊಟ್ಟೆ ಸೇರುತ್ತದೆ. ಆ ಸಂಪತ್ತು ಮಿತಿಮೀರಿ ಬಳಕೆಯಾಗಿದೆ ಎಂದು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ತಜ್ಞರು ಹೇಳುತ್ತಲೇ ಬಂದಿದ್ದಾರೆ.

ಉಳ್ಳಾಲ, ಮಲ್ಪೆಯ ಕಡೆಯವರಿಗೆ ಇದು ಪರದೇಶದ ಸುದ್ದಿಯಾಗಿ ಕೇಳಿಸುವುದಿಲ್ಲ. ಬೂತಾಯಿ ಲಾರಿಗಟ್ಟಲೆ ಫಿಶ್‌ಮೀಲ್ ಕಾರ್ಖಾನೆಗೆ ಹೋಗುವುದನ್ನು, ಆ ವಾಸನೆಯನ್ನು ಅವರು ಬಲ್ಲರು. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದಾಗ ಊರೆಲ್ಲ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಗಳು ಮೂಲೆ ಸೇರಿದ್ದನ್ನೂ ಹಿರಿಯರು ಕಂಡಿದ್ದಾರೆ. ರಂಪಣಿಯನ್ನು ಯಾರೂ ನಿಷೇಧಿಸಲಿಲ್ಲ. ಮೀನು ದಡ ಮುಟ್ಟುವ ಮೊದಲೇ ಹೊರಗೆ ಸುತ್ತುಗಟ್ಟಿ ಹಿಡಿದರೆ ದಡದಲ್ಲಿ ಕಾದು ನಿಂತವನನ್ನು ನಿಷೇಧಿಸುವ ಅಗತ್ಯವೇ ಬರುವುದಿಲ್ಲ.

ಬಾಂಕ್ ದಾರ್ಗ್ವಿನ್‌ನಲ್ಲಿ ಆಗುತ್ತಿರುವುದೂ ಅದೇ, ಇನ್ನಷ್ಟು ಸಭ್ಯ ರೂಪದಲ್ಲಿ. ಎಂಜಿನ್ ಬೇಡ ಎಂಬ ತ್ಯಾಗವನ್ನು ದೇಶದ ಅತ್ಯಂತ ದುರ್ಬಲ ಮೀನುಗಾರರಿಂದ ಪಡೆಯಲಾಗಿದೆ. ಅದರ ಫಲವಾಗಿ ಬೆಳೆದ ಮೀನನ್ನು ಗೆರೆಯ ಆಚೆ ನಿಂತ ಅತ್ಯಂತ ಬಲಾಢ್ಯ ದೋಣಿಗಳು ಬಾಚಿಕೊಳ್ಳುತ್ತವೆ. ಉದ್ಯಾನ ಬೇಡ ಎಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಈ ಹೊತ್ತಿಗೆ ಒಳಗಿನ ನೀರೂ ಹೊರಗಿನದರಂತೆ ಆಗಿರುತ್ತಿತ್ತು. ನನ್ನ ತಕರಾರು ಲೆಕ್ಕದ ಬಗ್ಗೆ. ಸಂರಕ್ಷಣೆಯ ಖರ್ಚು ಇಮ್ರಾಗೆನ್ನರ ಹೆಸರಿಗೆ, ಆದಾಯ ಬೇರೆಯವರ ಹೆಸರಿಗೆ ಬರೆದಿದೆ. ಇದರ ಮೇಲೆ ಈಗ ಹಸಿರು ಹೈಡ್ರೋಜನ್, ಅಂದರೆ ಗಾಳಿ ಮತ್ತು ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆಯುವ ಇಂಧನ ಬಂದಿದೆ. ದೇಶದ ವಾಯವ್ಯ ಮರುಭೂಮಿಯಲ್ಲಿ 'ಅಮಾನ್' ಎಂಬ ಹೆಸರಿನಲ್ಲಿ 30 ಗಿಗಾವ್ಯಾಟ್ ಗಾಳಿ–ಸೌರ ಯೋಜನೆಗೆ 2022ರಲ್ಲಿ ಸರ್ಕಾರ ಕರಾರು ಮಾಡಿಕೊಂಡಿತು. ಅದು ಕಾಗದದಿಂದ ಎಷ್ಟು ಮೇಲೇಳುತ್ತದೋ ನೋಡಬೇಕು. ಎದ್ದರೆ ಹೊಸ ಬಂದರು, ಕೊಳವೆ, ಉಪ್ಪುನೀರು ಶುದ್ಧೀಕರಣದ ಪ್ರಶ್ನೆಗಳೂ ಏಳುತ್ತವೆ. ಆಗಲೂ ಪರಿಸರ ವರದಿಗಳು ಮೊದಲು ಎಣಿಸುವುದು ಹಕ್ಕಿಗಳನ್ನೇ ಎಂದು ಬಾಜಿ ಕಟ್ಟಬಹುದು.

ಯುರೋಪಿನ ಒಪ್ಪಂದದ ಅವಧಿ 2026ಕ್ಕೆ ಮುಗಿಯುತ್ತದೆ. ಮಾತುಕತೆಯ ಮೇಜಿನ ಮೇಲೆ ಇರಿಸಬಹುದಾದ ಬೇಡಿಕೆಗಳು ಗಗನಕುಸುಮವೇನಲ್ಲ. ಉದ್ಯಾನದ ಹೊರ ಅಂಚಿನಲ್ಲಿ ಎಂಜಿನ್ ದೋಣಿಗಳಿಗೆ ಅಗಲವಾದ ತಡೆಪಟ್ಟಿ, ಮಲೆಟ್ ಸಾಗುವ ತಿಂಗಳುಗಳಲ್ಲಿ ಉದ್ಯಾನದ ದಕ್ಷಿಣ ತುದಿಯ ಕೇಪ್ ತಿಮಿರಿಸ್ ಭೂಶಿರದಿಂದ ದಕ್ಷಿಣಕ್ಕೆ ದಡದ ಬಲೆಗಳಿಗೆ ವಿರಾಮ, ತಿನ್ನಲು ಬರುವ ಮೀನನ್ನು ಹಿಟ್ಟಿಗೆ ಅರೆಯುವುದಕ್ಕೆ ಕಡಿವಾಣ, ಪರವಾನಗಿ ಹಣದಲ್ಲಿ ಒಂದು ನಿಗದಿತ ಪಾಲು ನೇರವಾಗಿ ಆ ಊರುಗಳಿಗೆ, ಅದರಲ್ಲೂ ಹೆಂಗಸರ ಸಹಕಾರ ಸಂಘಗಳಿಗೆ. ಕೊನೆಯದಕ್ಕೆ ಅಧಿಕಾರಿಗಳು ಕೊಡಬಹುದಾದ ಉತ್ತರ ಊಹಿಸಬಹುದು: ನಿಜವಾದ ಇಮ್ರಾಗೆನ್ ಯಾರೆಂದು ಮೊದಲು ಪಟ್ಟಿ ಮಾಡಿ ತನ್ನಿ ಎಂದು. ಕಪ್ಪ ವಸೂಲಿ ಮಾಡುತ್ತಿದ್ದ ಶತಮಾನಗಳಲ್ಲಿ ಅಂಥ ಪಟ್ಟಿಯನ್ನು ಯಾರೂ ಕೇಳಿರಲಿಲ್ಲ.